ದೀಪಾವಳಿ ಬೆಳಗ್ಗೆ ಮಗು ಯಾರ ಮನೆಯಲ್ಲಿ?

ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಅವಸರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ. ಇಲ್ಲಿ ಬರುವ ಜನರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ವಕೀಲೆ. ಆದರೆ ಈಗೀಗ ವಾದ ಮಾಡುವುದಕ್ಕಿಂತ ಜಾಸ್ತಿ ಹೊತ್ತು ಮಧ್ಯಸ್ಥಿಕೆಯಲ್ಲಿ ಕಳೆಯುತ್ತೇನೆ. ಬೇರೆಯಾಗಲು ಹೊರಟ ಗಂಡ ಹೆಂಡತಿಯನ್ನು ಒಂದು ಮೇಜಿನ ಎದುರು ಬದುರು ಕೂರಿಸಿ, ಮುಂದಿನ ಬದುಕಿಗೆ ಒಂದು ಒಪ್ಪಂದ ಬರೆಯಲು ನೆರವಾಗುವ ಕೆಲಸ.

ಒಂದು ದಿನ ಹೀಗಾಯಿತು. ಮನೆ ಯಾರಿಗೆ ಅನ್ನುವುದನ್ನು ಆ ದಂಪತಿ ಅರ್ಧ ಗಂಟೆಯಲ್ಲಿ ಮುಗಿಸಿದ್ದರು. ಜೀವನಾಂಶಕ್ಕೂ ಒಪ್ಪಿದ್ದರು. ಏಳು ವರ್ಷದ ಮಗಳು ಅಮ್ಮನ ಹತ್ತಿರ ಇರಬೇಕು, ಎರಡನೇ ಮತ್ತು ನಾಲ್ಕನೇ ಶನಿವಾರ, ಭಾನುವಾರ ಅಪ್ಪನ ಹತ್ತಿರ ಹೋಗಬೇಕು ಅಂತಲೂ ಆಗಿತ್ತು. ಎಲ್ಲ ಮುಗಿಯಿತು ಅಂತ ನಾನು ಪೆನ್ನು ಮುಚ್ಚಿದೆ. ಆಗ ಆತ ಕೇಳಿದರು, "ಮೇಡಂ, ನರಕ ಚತುರ್ದಶಿ ಬೆಳಗ್ಗೆ ಅವಳು ಯಾರ ಮನೇಲಿರ್ತಾಳೆ?"

ಅವರ ಮನೆಯಲ್ಲಿ ಹಿಂದಿನ ಸಂಜೆ ಹಂಡೆ ಬೆಳಗಿ, ಅದರ ಕತ್ತಿಗೆ ಹಾಗಲ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಬೆಳಗಿನ ಜಾವ ಮಗಳ ನೆತ್ತಿಗೆ ಎಣ್ಣೆ ಒತ್ತುವುದು ಅಪ್ಪನ ಕೆಲಸ. ಹುಟ್ಟಿದ ವರ್ಷದಿಂದ ಹಾಗೇ ನಡೆದುಬಂದಿತ್ತು. ಆಕೆ ಕೂಡಲೇ ಹೇಳಿದರು, "ಹಬ್ಬಕ್ಕೆ ಅವಳು ನನ್ನ ಹತ್ರಾನೇ ಇರ್ಬೇಕು." ಆ ಒಂದು ಬೆಳಗಿನ ಮಾತಿಗೆ ಎರಡು ಗಂಟೆ ಹಿಡಿಯಿತು. ಇಬ್ಬರೂ ಅತ್ತರು. ಕೊನೆಗೆ ಬರೆದದ್ದು ಇಷ್ಟು: ಸಮ ಸಂಖ್ಯೆಯ ವರ್ಷದಲ್ಲಿ ನೀರು ತುಂಬುವ ಸಂಜೆ 5 ಗಂಟೆಯಿಂದ ಪಾಡ್ಯದ ಸಂಜೆ 5ರವರೆಗೆ ಅಪ್ಪನ ಮನೆ. ಬೆಸ ಸಂಖ್ಯೆಯ ವರ್ಷದಲ್ಲಿ ಅಮ್ಮನ ಮನೆ, ಆ ವರ್ಷ ಯುಗಾದಿ ಅಪ್ಪನಿಗೆ.

ಇದು ಸಣ್ಣ ವಿಷಯ ಅಂತ ನಿಮಗೆ ಅನ್ನಿಸಬಹುದು. ಬೇರೆಯಾದವರನ್ನು ಮತ್ತೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿಸುವುದು ಇಂಥ ವಿಷಯಗಳೇ. ಯಾರೂ ಬರೆಯದೇ ಬಿಟ್ಟ ಒಂದು ಹಬ್ಬ, ಒಂದು ಬಸ್ ಚಾರ್ಜು, ಒಂದು ಜೊತೆ ಓಲೆ. ಇವತ್ತು ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಇದೊಂದನ್ನೇ. ಬೇರೆಯಾಗುವುದೇ ಆದರೆ ಎಲ್ಲವನ್ನೂ ಬರೆದುಕೊಳ್ಳಿ. ದಿನ ಬರೆಯಿರಿ, ಗಂಟೆ ಬರೆಯಿರಿ, ಗ್ರಾಂ ಲೆಕ್ಕ ಬರೆಯಿರಿ.

ಮೊದಲು ಒಂದು ತಪ್ಪು ತಿಳಿವಳಿಕೆ ಹೇಳಿಬಿಡುತ್ತೇನೆ. "ನಮ್ದು ಆಗ್ಲೇ ಬಿಡುಗಡೆ ಆಗಿದೆ ಮೇಡಂ" ಅಂತ ಬರುತ್ತಾರೆ. ನೋಡಿದರೆ ಛಾಪಾ ಕಾಗದದ ಮೇಲೆ ಹಿರಿಯರ ಮುಂದೆ ಬರೆದ ಪತ್ರ, ನಾಲ್ಕು ಸಹಿ, ಒಂದು ನೋಟರಿ ಮುದ್ರೆ. ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಅನ್ನುತ್ತಾರೆ. ಕೆಲವು ಸಮುದಾಯಗಳಲ್ಲಿ ಅಂಥ ರೂಢಿ ಇದೆ ಅಂತ ಕೋರ್ಟಿನಲ್ಲಿ ಸಾಬೀತಾದರೆ ಅದಕ್ಕೆ ಬೆಲೆ ಇದೆ. 1955ರ ಹಿಂದೂ ವಿವಾಹ ಕಾಯ್ದೆಯೇ ಆ ರೂಢಿಯನ್ನು ಉಳಿಸಿದೆ. ಉಳಿದವರಿಗೆ ಅದು ಬರೀ ಕಾಗದ. ಹಾಗೆ ಬೇರೆಯಾಗಿ ಹತ್ತು ವರ್ಷ ಕಳೆದರೂ ಕಾನೂನಿನ ಕಣ್ಣಲ್ಲಿ ನೀವು ಗಂಡ ಹೆಂಡತಿಯೇ. ಆತ ಇನ್ನೊಂದು ಮದುವೆಯಾದರೆ ಅದು ಮದುವೆಯಲ್ಲ. ಆತ ಉಯಿಲು ಬರೆಯದೆ ತೀರಿಕೊಂಡರೆ ಆತನ ಆಸ್ತಿಗೆ ಮೊದಲ ಸಾಲಿನ ವಾರಸುದಾರರಲ್ಲಿ ಈಕೆಯೂ ಒಬ್ಬಳು. ಕೋರ್ಟಿನ ಡಿಕ್ರಿ ಆದ ದಿನದಿಂದ ಆ ಹಕ್ಕು ಹೋಗುತ್ತದೆ. ತವರಿನಲ್ಲಿ ಕೂತ ಎಷ್ಟೋ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಗೊತ್ತೇ ಇಲ್ಲ.

ಇಬ್ಬರಿಗೂ ಒಪ್ಪಿಗೆ ಇದ್ದರೆ ದಾರಿ ಸುಲಭ. ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳಿಲ್ಲದಿದ್ದರೆ ಅದನ್ನೂ ಬೇರೆ ಇದ್ದಂತೆಯೇ ಎಣಿಸುತ್ತಾರೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಮನಸ್ಸು ಬದಲಾದರೆ ಅಂತ. 2017ರಲ್ಲಿ ಸುಪ್ರೀಂ ಕೋರ್ಟ್ ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ ಹೇಳಿತು. ಆದರೆ ಯಾವಾಗ? ಇಬ್ಬರೂ ದೂರವಾಗಿ ಸಾಕಷ್ಟು ಕಾಲ ಆಗಿರಬೇಕು, ರಾಜಿಯ ಯತ್ನ ಸೋತಿರಬೇಕು, ಮಗು ಎಲ್ಲಿ, ಜೀವನಾಂಶ ಎಷ್ಟು ಎಂಬುದೆಲ್ಲ ನಿಜವಾಗಿ ಇತ್ಯರ್ಥ ಆಗಿರಬೇಕು. ನೋಡಿ, ಇಲ್ಲೂ ಅದೇ. ಬರೆದುಕೊಂಡವರಿಗೆ ಕಾಯುವುದು ಕಡಿಮೆ.

ಇನ್ನು ಮಗುವಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ.

ನಮ್ಮಲ್ಲಿ ಇಂದಿಗೂ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆ ನಡೆಯುತ್ತಿದೆ. ಹಿಂದೂಗಳಿಗೆ ಅದರ ಜೊತೆ 1956ರ ಕಾಯ್ದೆ ಇದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅನ್ನುತ್ತದೆ ಅದು. ಸಾಮಾನ್ಯವಾಗಿ ಅನ್ನುವ ಮಾತನ್ನು ಗಮನಿಸಿ. ಐದು ತುಂಬಿದ ಮರುದಿನ ಮಗುವನ್ನು ಅಪ್ಪನಿಗೆ ಒಪ್ಪಿಸಬೇಕು ಅಂತ ಎಲ್ಲೂ ಇಲ್ಲ. ಆದರೂ ಎಷ್ಟು ಜನ ತಾಯಂದಿರು ಐದನೇ ಹುಟ್ಟುಹಬ್ಬಕ್ಕೆ ಹೆದರಿ ಕೂತಿರುತ್ತಾರೆ! ಎರಡೂ ಕಾಯ್ದೆಗಳ ತಿರುಳು ಒಂದೇ, ಮಗುವಿನ ಹಿತ. ಅಪ್ಪನ ಹಕ್ಕು, ಅಮ್ಮನ ಹಕ್ಕು ಎಲ್ಲ ಅದರ ಹಿಂದೆ ನಿಲ್ಲಬೇಕು.

ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು ಮಾತಾಡಿಸುತ್ತಾರೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳುತ್ತಾರೆ. ದಯವಿಟ್ಟು ಮಗುವಿಗೆ ಉತ್ತರ ಹೇಳಿಕೊಟ್ಟು ಕಳಿಸಬೇಡಿ. ಒಮ್ಮೆ ಕೋರ್ಟಿನ ಮೊಗಸಾಲೆಯ ಬೆಂಚಿನ ಮೇಲೆ ಒಬ್ಬ ಹುಡುಗ ಕೂತಿದ್ದ. ಎಂಟು ವರ್ಷ ಇರಬಹುದು. ಸ್ಕೂಲ್ ಬ್ಯಾಗು ತೊಡೆಯ ಮೇಲಿತ್ತು. ತುಟಿ ಅಲ್ಲಾಡುತ್ತಿತ್ತು. ಮಗ್ಗಿ ಹೇಳಿಕೊಳ್ತಾ ಇದ್ದಾನೆ ಅಂದುಕೊಂಡು ಹತ್ತಿರ ಹೋದೆ. "ನನಗೆ ಅಪ್ಪ ಬೇಡ, ಅಪ್ಪ ಹೊಡೀತಾರೆ, ನನಗೆ ಅಪ್ಪ ಬೇಡ" ಅಂತ ಬಾಯಿಪಾಠ ಮಾಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅದೇ ಅಪ್ಪ ಮೆಟ್ಟಿಲು ಹತ್ತಿ ಬಂದರು. ಹುಡುಗ ಬ್ಯಾಗು ಕೆಳಗೆ ಬೀಳಿಸಿ ಎದ್ದು ಓಡಲು ಹೋದ, ಅರ್ಧ ದಾರಿಯಲ್ಲಿ ಅಮ್ಮನ ಕಡೆ ತಿರುಗಿ ನೋಡಿ ನಿಂತುಬಿಟ್ಟ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಆ ಬಡತನದ ಮುಖ ನಾನು ನೋಡಿದ್ದು ಅವತ್ತು.

ಹೊಡೆಯುವ ಅಪ್ಪಂದಿರೂ ಇದ್ದಾರೆ. ಅದು ನಿಜವಾದರೆ ಮುಚ್ಚಿಡಬಾರದು. ಮಗುವಿಗೆ ಅಪಾಯ ಇದ್ದರೆ ಬೇರೆಯವರ ಕಣ್ಣೆದುರಲ್ಲೇ ಭೇಟಿಯಾಗಬೇಕು ಅಂತ ಕೋರ್ಟು ಹೇಳಬಹುದು, ಭೇಟಿಯನ್ನೇ ತಡೆಯಬಹುದು. ನಾನು ಹೇಳುತ್ತಿರುವುದು ಹಾಗಲ್ಲದ ಮನೆಗಳ ಮಾತು.

ಕಸ್ಟಡಿ ಅಂದರೆ ಮಗು ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರು ಸೋತರು ಅಂತ ಜನ ತಿಳಿಯುತ್ತಾರೆ. ಆ ಕಾಲ ಹೋಯಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ಮಗು ಅಪ್ಪನ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ಅಮ್ಮನ ಬಳಿ ಇರಲಿ ಅಂತ ತೀರ್ಪು ಕೊಟ್ಟಿತು. ಶನಿವಾರ, ಭಾನುವಾರ ಇನ್ನೊಬ್ಬರು ಬಂದು ನೋಡಬಹುದು, ಫೋನಿನಲ್ಲಿ, ವಿಡಿಯೊದಲ್ಲಿ ಮಾತಾಡಬಹುದು, ಓದಿನ ಖರ್ಚು ಇಬ್ಬರಿಗೂ ಸಮ. 2015ರಲ್ಲಿ ಭಾರತದ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಕೊಡಿ ಅಂತ ಶಿಫಾರಸು ಮಾಡಿತು, ಈ ತೀರ್ಪನ್ನೂ ನೆನೆಯಿತು. 2020ರಲ್ಲಿ ಸುಪ್ರೀಂ ಕೋರ್ಟು, ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು, ಮಗು ದೂರದಲ್ಲಿದ್ದರೆ ಫೋನು, ವಿಡಿಯೊ ಕರೆಗೂ ಅವಕಾಶ ಇರಬೇಕು ಅಂತ ಹೇಳಿತು.

ಹಾಗಂತ ಆರಾರು ತಿಂಗಳ ಪಾಲು ಎಲ್ಲರಿಗೂ ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಒಬ್ಬರು ಹುಬ್ಬಳ್ಳಿ, ಇನ್ನೊಬ್ಬರು ಬೆಂಗಳೂರು ಆದರೆ ಶಾಲೆ ಏನಾಗಬೇಕು? ಎರಡೂ ಮನೆ ಒಂದೇ ಊರಿನಲ್ಲಿ, ಶಾಲೆಗೆ ಹತ್ತಿರ ಇದ್ದರೆ ಮಾತ್ರ ಅದು ನಡೆಯುತ್ತದೆ. ನಾನು ನೋಡಿದ ಮಟ್ಟಿಗೆ ಶಾಲೆಯ ದಿನಗಳಲ್ಲಿ ಒಂದು ಮನೆ, ಕೆಲವು ವಾರಾಂತ್ಯ ಇನ್ನೊಂದು ಮನೆ, ದಸರಾ ರಜೆ ಮತ್ತು ಬೇಸಿಗೆ ರಜೆ ಅರ್ಧರ್ಧ. ಇದೇ ಹೆಚ್ಚು ಜನರಿಗೆ ಹೊಂದುತ್ತದೆ.

ಯಾವುದನ್ನು ಆರಿಸಿಕೊಂಡರೂ ವಿವರ ಬರೆಯಿರಿ. ಶುಕ್ರವಾರ ಯಾರು ಶಾಲೆಯಿಂದ ಕರೆದುಕೊಂಡು ಬರುತ್ತಾರೆ? ಬಸ್ಸು ತಡವಾದರೆ ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಮೆಸೇಜು ಹಾಕಬೇಕು? ಮಗುವಿಗೆ ಜ್ವರ ಬಂದ ವಾರ ತಪ್ಪಿದ ಭೇಟಿ ಯಾವಾಗ ತುಂಬಿಕೊಡಬೇಕು? ಶಾಲೆಯ ಪೋಷಕರ ಸಭೆಗೆ ಇಬ್ಬರೂ ಹೋಗಬಹುದಾ? ಆಪರೇಷನ್ ಆಗಬೇಕಾದರೆ ಯಾರ ಒಪ್ಪಿಗೆ? ಮಗುವಿನ ಆಧಾರ್, ಪಾಸ್‌ಪೋರ್ಟ್ ಯಾರ ಹತ್ತಿರ? ಊರು ಬಿಟ್ಟು ಹೋಗಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು? ಒಂದು ಮನೆಯಲ್ಲಿ ನೀಲಿ ಕನ್ನಡಕ ಮರೆತುಬಂದರೆ ಸೋಮವಾರದೊಳಗೆ ತಲುಪಿಸುವುದು ಯಾರು? ಈ ಕನ್ನಡಕದ ಸಾಲು ನಾನು ನಿಜವಾಗಿಯೂ ಒಂದು ಒಪ್ಪಂದದಲ್ಲಿ ಬರೆದದ್ದು.

ಇನ್ನೊಂದು ಮಾತು. ಮಗುವಿನ ವಿಷಯದಲ್ಲಿ ಯಾವ ಆದೇಶವೂ ಕೊನೆಯದಲ್ಲ. ಆರು ವರ್ಷದ ಮಗುವಿಗೆ ಬರೆದದ್ದು ಹದಿಮೂರು ವರ್ಷದ ಹುಡುಗಿಗೆ ಹೊಂದುವುದಿಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಕೋರ್ಟಿಗೆ ಹೋಗಿ ಬದಲಿಸಿಕೊಳ್ಳಬಹುದು. ನಾನು ಒಪ್ಪಂದದಲ್ಲೇ ಎರಡು ವರ್ಷಕ್ಕೊಮ್ಮೆ ಕೂತು ನೋಡೋಣ ಅಂತ ಬರೆಸುತ್ತೇನೆ.

ಈಗ ಆಸ್ತಿ. ಇಲ್ಲಿ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಡೈವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಪೋರ್ಚುಗೀಸರ 1867ರ ಸಿವಿಲ್ ಕೋಡ್ ಅಲ್ಲಿ ಉಳಿದುಕೊಂಡಿದೆ. ಮದುವೆಗೆ ಮುಂಚೆ ಬೇರೆ ಒಪ್ಪಂದ ಬರೆದುಕೊಳ್ಳದಿದ್ದರೆ ಆ ಕಾನೂನಿಗೆ ಒಳಪಟ್ಟ ದಂಪತಿಯ ಆಸ್ತಿ ಇಬ್ಬರಿಗೂ ಸೇರಿದ್ದು. ಗಡಿಯ ಈಚೆ ನಮಗೆ ಹಾಗಿಲ್ಲ. ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಇಪ್ಪತ್ತು ವರ್ಷ ಅಡುಗೆ ಮಾಡಿ, ಮಕ್ಕಳನ್ನು ಸಾಕಿ, ಅತ್ತೆ ಮಾವನ ಆರೈಕೆ ಮಾಡಿ, ಗಂಡ ನಿಶ್ಚಿಂತೆಯಿಂದ ದುಡಿಯುವ ಹಾಗೆ ನೋಡಿಕೊಂಡ ಹೆಣ್ಣಿನ ದುಡಿಮೆಗೆ ಆ ಪತ್ರದಲ್ಲಿ ಒಂದು ಸಾಲೂ ಇಲ್ಲ. 2023ರಲ್ಲಿ ಮದ್ರಾಸ್ ಹೈಕೋರ್ಟು, ಮನೆವಾರ್ತೆ ನೋಡಿಕೊಂಡ ಹೆಂಡತಿಯೂ ಆಸ್ತಿ ಗಳಿಕೆಯಲ್ಲಿ ಪಾಲುದಾರಳು ಅಂತ ಒಪ್ಪಿ ಅರ್ಧ ಪಾಲು ಕೊಟ್ಟಿತು. ಓದಿ ನನಗೆ ಕಣ್ಣು ತುಂಬಿ ಬಂತು. ಆದರೆ ಅದು ಒಂದು ಹೈಕೋರ್ಟಿನ ಒಂದು ತೀರ್ಪು. ಅದೇ ದೇಶದ ಕಾನೂನಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಸೈಟು, ಮನೆ ತೆಗೆದುಕೊಳ್ಳುವಾಗಲೇ ಎರಡು ಹೆಸರು ಹಾಕಿಸಿ. ನಿಮ್ಮ ದುಡ್ಡು ಹಾಕಿದ್ದರೆ ಬ್ಯಾಂಕಿನ ಮೂಲಕವೇ ಹಾಕಿ, ಆ ಪುಟ ಜೋಪಾನ ಮಾಡಿ.

ವಾಸದ ಹಕ್ಕು ಮಾತ್ರ ಬೇರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ಮನೆ ಯಾರ ಹೆಸರಲ್ಲೇ ಇರಲಿ, ಸಂಸಾರ ಮಾಡಿದ ಮನೆಯಿಂದ ಹೆಂಡತಿಯನ್ನು ಸುಮ್ನೆ ಹೊರಗೆ ಹಾಕುವಂತಿಲ್ಲ. ಅದು ಮಾವನ ಹೆಸರಿನ ಮನೆಯಾದರೂ ಈ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ಇರುವ ಹಕ್ಕು, ಮಾಲೀಕತ್ವ ಅಲ್ಲ. ಆದರೆ ರಾತ್ರೋರಾತ್ರಿ ಬೀದಿಗೆ ಬಿದ್ದವಳಿಗೆ ಅದೇ ದೊಡ್ಡದು.

ಸ್ತ್ರೀಧನದ, ಅಂದರೆ ಹೆಣ್ಣಿಗೆ ಅಂತಲೇ ಕೊಟ್ಟ ಒಡವೆ, ಉಡುಗೊರೆಗಳ ಕಥೆ ಕೇಳಿ. ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಹಾಲಿನ ಲೆಕ್ಕದ ಸಣ್ಣ ಪುಸ್ತಕ. ಹಿಂದಿನ ಪುಟದಲ್ಲಿ ಅವಳ ಅವ್ವ ಮದುವೆಯ ವಾರ ಪೆನ್ಸಿಲಿನಲ್ಲಿ ಬರೆದ ಪಟ್ಟಿ: ಬೋರಮಾಳ ಸರ, ಜುಮಕಿ ಒಂದು ಜೊತೆ, ಬಿಲ್ವರ ನಾಲ್ಕು, ಬೆಳ್ಳಿ ಸಮೆ ಎರಡು. ಪ್ರತಿಯೊಂದರ ಮುಂದೆ ತೂಕ. ಗಂಡನ ಮನೆಯವರು "ಅಷ್ಟೆಲ್ಲ ಕೊಟ್ಟೇ ಇಲ್ಲ" ಅಂದರು. ಮದುವೆಯ ಆಲ್ಬಮ್ ತರಿಸಿದೆವು. ಧಾರೆಯ ಫೋಟೊ ದೊಡ್ಡದು ಮಾಡಿಸಿದರೆ ಕೊರಳಲ್ಲಿ ಬೋರಮಾಳದ ಗುಂಡುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಂಗಡಿಯ ರಸೀದಿಯೂ ಸಿಕ್ಕಿತು. ಎದುರಿನವರು ಮಾತಾಡಲಿಲ್ಲ. ಮುಂದಿನ ದಿನಾಂಕಕ್ಕೆ ಒಡವೆ ಬಂತು. ತಕ್ಕಡಿ ತರಿಸಿ ಎಲ್ಲರ ಮುಂದೆ ತೂಗಿ ಕೊಟ್ಟೆವು. ಅವಳು ಆ ಸರವನ್ನು ಹಾಕಿಕೊಳ್ಳಲಿಲ್ಲ. ಪುಸ್ತಕದ ಆ ಪುಟದಲ್ಲಿ ಅವ್ವನ ಅಕ್ಷರದ ಪಕ್ಕ ಒಂದು ಸರಿ ಗುರುತು ಹಾಕಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ತವರಿನವರು ಕೊಟ್ಟದ್ದು, ಗಂಡನ ಕಡೆಯವರು ಆಕೆಗೆ ಅಂತಲೇ ಕೊಟ್ಟದ್ದು, ಆರತಿ ತಟ್ಟೆಯಲ್ಲಿ ಬಿದ್ದದ್ದು ಎಲ್ಲವೂ ಹೆಣ್ಣಿನದೇ. ಅದರ ಮೇಲೆ ಗಂಡನಿಗೆ ಪಾಲಿಲ್ಲ ಅಂತ ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ, 2024ರಲ್ಲಿ ಮತ್ತೆ ಹೇಳಿತು. ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡರೂ ಹಿಂದಿರುಗಿಸಬೇಕು. ಉಡುಗೊರೆಗಳ ಪಟ್ಟಿ ಮಾಡಿ ಸಹಿ ಹಾಕಿಸಿಡಬೇಕು ಅಂತ 1985ರಿಂದಲೇ ನಿಯಮ ಇದೆ. ಮದುವೆ ಮನೆಯಲ್ಲಿ ಅದನ್ನು ಯಾರೂ ಮಾಡುವುದಿಲ್ಲ, ಅಪಶಕುನ ಅನ್ನುತ್ತಾರೆ. ಮಗಳ ಮದುವೆ ಮಾಡುವವರು ಇಲ್ಲಿ ಯಾರಾದರೂ ಇದ್ದರೆ, ಆ ಪೆನ್ಸಿಲ್ ಪಟ್ಟಿ ನೆನಪಿಟ್ಟುಕೊಳ್ಳಿ.

ಮನೆ ಸಾಲದ ಬಗ್ಗೆ ಎಚ್ಚರ. "ಮನೆ ನಿನಗೆ, ಕಂತು ನಾನು ಕಟ್ತೀನಿ" ಅಂತ ಒಪ್ಪಂದ ಬರೆದರೂ ಬ್ಯಾಂಕಿಗೆ ಅದು ಲೆಕ್ಕಕ್ಕಿಲ್ಲ. ಸಾಲದ ಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಬ್ಯಾಂಕು ಒಬ್ಬರನ್ನು ಬಿಡುಗಡೆ ಮಾಡುವ ತನಕ ಇಬ್ಬರೂ ಹೊಣೆ. ಒಬ್ಬ ಹುಡುಗಿ ಬೇರೆಯಾದ ಮೂರು ವರ್ಷದ ಮೇಲೆ ಸ್ಕೂಟರ್ ಸಾಲ ಕೇಳಲು ಹೋದಾಗ ಗೊತ್ತಾಯಿತು, ಗಂಡ ಕಂತು ನಿಲ್ಲಿಸಿ ಎಂಟು ತಿಂಗಳಾಗಿತ್ತು. ಹಾಗೇ ಮನೆ ವರ್ಗಾವಣೆ. ಬರೀ ರಾಜಿ ಪತ್ರ ಸಾಕು ಅಂತ ಬಿಡಬೇಡಿ. ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು, ಖಾತೆ ಬದಲಾಗಬೇಕು, ಜಮೀನಾದರೆ ಪಹಣಿಯಲ್ಲಿ ಹೆಸರು ಬರಬೇಕು. ಗಂಡ ಹೆಂಡತಿಯ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಡಿಕ್ರಿ ಆದ ಮೇಲೆ ನೀವು ಗಂಡ ಹೆಂಡತಿ ಅಲ್ಲವಲ್ಲ! ಆ ಕೆಲಸ ಮುಂಚೆಯೇ ಮಾಡಿಕೊಳ್ಳಿ.

ಮಕ್ಕಳ ಪಾಲು ಎಲ್ಲೂ ಹೋಗುವುದಿಲ್ಲ. ಅಪ್ಪ ಅಮ್ಮ ಬೇರೆಯಾದರೂ ಪಿತ್ರಾರ್ಜಿತ ಜಮೀನಿನಲ್ಲಿ ಮಗನಿಗೂ ಮಗಳಿಗೂ ಹಕ್ಕು ಹಾಗೇ ಇರುತ್ತದೆ. ಮಗಳಿಗೆ ಈ ಹಕ್ಕು ಕರ್ನಾಟಕದಲ್ಲಿ ಬಂದದ್ದು 1994ರ ತಿದ್ದುಪಡಿಯಿಂದ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ.

ಜೀವನಾಂಶಕ್ಕೆ ಬರುತ್ತೇನೆ. ಸಂಬಳದ ನಾಲ್ಕನೇ ಒಂದು ಭಾಗ ಅಂತ ಒಂದು ಮಾತು ಓಡಾಡುತ್ತದೆ. 2017ರ ಒಂದು ತೀರ್ಪಿನಲ್ಲಿ ಶೇಕಡ 25 ಅಂತ ಬಂದದ್ದು ನಿಜ, ಆದರೆ ಅದು ಎಲ್ಲರಿಗೂ ಅನ್ವಯಿಸುವ ಲೆಕ್ಕ ಅಲ್ಲ. 2020ರಲ್ಲಿ ಸುಪ್ರೀಂ ಕೋರ್ಟು ಒಂದು ಒಳ್ಳೆಯ ಕೆಲಸ ಮಾಡಿತು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಿಗಬೇಕು. ಹಿಂದೂ ವಿವಾಹ ಕಾಯ್ದೆಯಡಿ ಗಂಡನೂ ಕೇಳಬಹುದು. ಜೀವನಾಂಶ ಕೇಳಲು ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಮೊದಲಿದ್ದ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಯಾವ ಧರ್ಮದ ಹೆಂಡತಿಗೂ ಅದರ ಬಾಗಿಲು ತೆರೆದಿದೆ. ವಿಚ್ಛೇದನ ಆದ ಮುಸ್ಲಿಂ ಮಹಿಳೆಗೂ ಈ ಹಕ್ಕಿದೆ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟ ಮಾಡಿತು. ಒಂದು ವಿಷಯ ತಾಯಂದಿರಿಗೆ. "ನನಗೇನೂ ಬೇಡ, ಬಿಟ್ಟರೆ ಸಾಕು" ಅಂತ ಸಹಿ ಹಾಕುತ್ತೀರಿ. ನಿಮ್ಮದನ್ನು ನೀವು ಬಿಡಬಹುದು. ಮಗುವಿನ ಜೀವನಾಂಶ ಮಗುವಿನದು, ಅದನ್ನು ಬಿಟ್ಟುಕೊಡುವ ಅಧಿಕಾರ ನಿಮಗಿಲ್ಲ.

ಹೊರದೇಶದಲ್ಲಿ ಮಕ್ಕಳಿರುವವರಿಗೆ ಎರಡೇ ಮಾತು. ಕ್ಯಾಲಿಫೋರ್ನಿಯದಂಥ ಕಡೆ ಮದುವೆಯ ನಂತರ ಗಳಿಸಿದ್ದು ಸಾಮಾನ್ಯವಾಗಿ ಇಬ್ಬರದು, ಇಲ್ಲಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಕ್ಕಳನ್ನು ಒಂದು ದೇಶದಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗುವುದನ್ನು ತಡೆಯುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿಯ ಕೋರ್ಟಿನ ಆದೇಶವನ್ನು ಇಲ್ಲಿ ಗಮನಿಸುತ್ತಾರೆ, ಆದರೆ ಮಗುವಿನ ಹಿತ ಏನು ಅಂತ ಇಲ್ಲಿಯ ಕೋರ್ಟು ತಾನೇ ನೋಡುತ್ತದೆ. ರಜೆಗೆ ಅಂತ ಮಗುವನ್ನು ಕರೆದುಕೊಂಡು ಬಂದು ವಾಪಸ್ ಹೋಗದೇ ಕೂರುವುದು ಮಗುವಿನ ಶಾಲೆ, ಗೆಳೆಯರು, ಭಾಷೆ ಎಲ್ಲವನ್ನೂ ಒಂದೇ ದಿನ ಕಿತ್ತುಕೊಂಡಂತೆ. ಹಾಗೆ ಮಾಡಬೇಡಿ.

ಖರ್ಚಿನ ಭಯ ಬೇಡ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಇಲ್ಲವಾದರೆ 15100ಕ್ಕೆ ಫೋನು ಮಾಡಿ. ವಿಚ್ಛೇದನದ ಅರ್ಜಿಯನ್ನು ಹೆಂಡತಿ ತಾನು ಈಗ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು, ಮದುವೆಯಾದ ಊರಿಗೆ ಅಲೆಯಬೇಕಿಲ್ಲ. ಮಧ್ಯಸ್ಥಿಕೆ ಈಗ ಹೊಸದೇನಲ್ಲ, ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ ಶುರುವಾಗಿದ್ದೇ 2007ರಲ್ಲಿ. ಅಲ್ಲಿ ಆಡಿದ ಮಾತನ್ನು ಮುಂದೆ ನಿಮ್ಮ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಕೊನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು ನಿಂತರು. ಮಗ ಸೊಸೆ ಬೇರೆಯಾಗಿದ್ದಾರೆ, ಮೊಮ್ಮಗ ಸೊಸೆಯ ಜೊತೆ ಇದೇ ಊರಲ್ಲಿದ್ದಾನೆ, ತಾವು ಇರುವುದು ಹಳ್ಳಿಯಲ್ಲಿ. "ನಂಗೂ ಏನಾದ್ರೂ ಹಕ್ಕೈತಾ?" ಅಂದರು. ಅಜ್ಜಿ ತಾತನಿಗೆ ಅಂತಲೇ ಬೇರೆ ಕಲಂ ಇಲ್ಲ, ಆದರೆ ಮಗುವಿಗೆ ಒಳ್ಳೆಯದು ಅನ್ನಿಸಿದರೆ ಕೋರ್ಟು ಅವಕಾಶ ಕೊಡಬಹುದು, ಒಪ್ಪಂದ ಬರೆಯುವಾಗ ನಿಮ್ಮ ಹೆಸರಲ್ಲೂ ಒಂದು ಸಾಲು ಸೇರಿಸಬಹುದು ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಬುಧವಾರ ಅಂತ ಬರೆಸ್ಬೋದಾ ತಾಯಿ? ಬುಧವಾರ ಇಲ್ಲಿ ಸಂತೆ, ನಮ್ಮೂರಿಂದ ಬಸ್ಸು ಜಾಸ್ತಿ. ಇಸ್ಕೂಲು ಬಿಟ್ಟ ಮೇಲೆ ಒಂದ್ ಗಂಟೆ ಸಾಕು."

ಬರೆಸಬಹುದು ಅಂದೆ. ಎಷ್ಟು ಗಂಟೆಗೆ ಬಸ್ಸು ಅಂತ ಕೇಳಿ, ನನ್ನ ಡೈರಿಯಲ್ಲಿ ಬರೆದುಕೊಂಡೆ.